ದೊಡ್ಡ ಬ್ಯಾಂಡ್ ಟೂರ್ ಬಂದ್ರ ನಮ್ ಕಡಿಯವ್ರು ಯಾವ ಊರಿನ ಶೋ ಹಿಡೀಬೇಕು? ಮುಂಬೈ, ಹೈದರಾಬಾದ್, ಬೆಂಗಳೂರು, ಅಬುಧಾಬಿ ಇಲ್ಲಾ ಮನಿ ಟಿವಿ

2025ರ ಜನವರಿ 21ಕ್ಕ ನವಿ ಮುಂಬೈನಾಗ ಇಂಗ್ಲೆಂಡಿನ ರಾಕ್ ಬ್ಯಾಂಡ್ ಕೋಲ್ಡ್‌ಪ್ಲೇ ಶೋ ನೋಡ್ಕೊಂಡು ರಾಯಚೂರಿಗೆ ವಾಪಸ್ ಬಂದಾಗಿಂದ ನನಗ ಬರೂ ಮೆಸೇಜು ಎಲ್ಲಾ ಒಂದೇ ಥರ, "ಅಣ್ಣಾ ಎಷ್ಟ್ ಖರ್ಚಾತು, ಮುಂದಿನ ಸಲ ಯಾವ್ದರ ಬ್ಯಾಂಡ್ ಬಂದ್ರ ಮುಂಬೈಗೆ ಹೋಗ್ಬೇಕಾ ಬೆಂಗಳೂರಿಗೆ ಹೋಗ್ಬೇಕಾ, ನಿಂತ್ಕೊಳ್ಳೋ ಟಿಕೆಟ್ ತಗೋಬೇಕಾ ಕುಂದ್ರೋದಾ". ಒಬ್ಬೊಬ್ರಿಗೂ ಬ್ಯಾರೆ ಬ್ಯಾರೆ ಹೇಳೂದ್ಕಿಂತ ಇಲ್ಲೇ ಒಂದ್ಸಲ ಪೂರ್ತಿ ಬರೀತೀನಿ. ನಾನು, ನನ್ನ ಅಕ್ಕನ ಮಗಳು ಮುಂಬೈಗೆ ಹೋಗಿದ್ವಿ, ಅಕಿ ಬಳ್ಳಾರಿಯಾಗ ಇಂಜಿನಿಯರಿಂಗ್ ಓದ್ತಾಳ. ಗಂಗಾವತಿಯ ನಮ್ಮ ದೋಸ್ತ ಒಬ್ಬ ಫೆಬ್ರವರಿಯಾಗ ಬೆಂಗಳೂರಿನಾಗ ಇಂಗ್ಲೆಂಡಿನ ಹಾಡುಗಾರ ಎಡ್ ಶೀರನ್ ಶೋಕ್ಕ ಹೋಗಿದ್ದ. ನಮ್ಮ ತಮ್ಮ ಮನ್ಯಾಗೇ ಕುಂತು ಟಿವಿಯಾಗ ಕೋಲ್ಡ್‌ಪ್ಲೇದ ಅಹಮದಾಬಾದ್ ಶೋ ನೋಡ್ದ. ಮೂರೂ ಮಂದಿ ಅನುಭವ ಕೂಡ್ಸಿ ಹೇಳ್ತಾ ಇದೀನಿ.

ಮೊದ್ಲು ನಂದೊಂದು ಮಾತು ಕೇಳ್ರಿ, ಟಿಕೆಟ್ ರೇಟ್ ನೋಡಿ ಊರು ಆರಿಸ್ಬ್ಯಾಡ್ರಿ. ಬೆಂಗಳೂರಾಗ, ಮುಂಬೈನಾಗ ಇರೋರಿಗೆ ಟಿಕೆಟ್ಟೇ ಖರ್ಚು, ಶೋ ಮುಗಿದ್ ಮ್ಯಾಲ ಮೆಟ್ರೊ ಹತ್ತಿ ಮನಿಗೆ ಹೋಗಿ ಮಲಗ್ತಾರ. ನಮಗ ಹಂಗಲ್ಲ, ರಾಯಚೂರು ಬಳ್ಳಾರಿ ಕೊಪ್ಪಳದಿಂದ ಹೋಗೋರಿಗೆ ರಾತ್ರಿ 10 ಗಂಟೆಕ್ಕ ಶೋ ಮುಗಿದ್ ಮ್ಯಾಲ ಏನು ಅನ್ನೂದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನಿ. ಎಲ್ಲಿ ಮಲಗ್ತೀರಿ, ಯಾವ ಗಾಡಿ ಹತ್ತೀರಿ, ಮರುದಿನ ಡ್ಯೂಟಿಗೆ ಹೋಗಾಕ ಆಗ್ತದೋ ಇಲ್ಲೋ. ಅದನ್ನ ಮೊದ್ಲು ಲೆಕ್ಕ ಹಾಕಿದೋರು ಖುಷಿಯಿಂದ ನೋಡಿ ಬರ್ತಾರ, ಅದನ್ನ ಬಿಟ್ಟು ಟಿಕೆಟ್ಟಿಗೆ ಓಡಿದೋರು ಅರ್ಧ ಶೋ ವಾಚ್ ನೋಡ್ಕೋತ ನಿಂತಿರ್ತಾರ.

10 ಗಂಟೆ ಯಾಕಂದ್ರ, ನಮ್ಮ ದೇಶದಾಗ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಾಗ ಧ್ವನಿವರ್ಧಕ ಹಚ್ಚೂ ಹಂಗಿಲ್ಲ. ಹಂಗಾಗಿ ಬಯಲಿನ ಶೋ ಎಲ್ಲಾ 10ರ ಆಸುಪಾಸು ಮುಗೀಲೇಬೇಕು. ಮೇನ್ ಬ್ಯಾಂಡು ಎಂಟರ ಸುಮಾರಿಗೆ ಸ್ಟೇಜಿಗೆ ಬರ್ತದ, ಅದಕ್ಕಿಂತ ಮೊದ್ಲು ಒಬ್ರೋ ಇಬ್ರೋ ಬ್ಯಾರೆ ಕಲಾವಿದರು ಹಾಡ್ತಾರ. ಕೋಲ್ಡ್‌ಪ್ಲೇದಾಗ ನಮ್ಮ ಜಸ್ಲೀನ್ ರಾಯಲ್ ಹಾಡಿದ್ಲು. ಇನ್ನೊಂದು, ಈ ದೊಡ್ಡ ಟೂರ್‌ಗಳು ಜಾಸ್ತಿ ಬರೂದು ನವೆಂಬರ್‌ನಿಂದ ಮಾರ್ಚ್ ಒಳಗ, ಯಾಕಂದ್ರ ಮಳಿ ಇರೂದಿಲ್ಲ, ಬಿಸಿಲೂ ತಡ್ಕೊಳ್ಳೂವಂಗ ಇರ್ತದ. ಆದ್ರ ನಮ್ಮ ಕಡಿ ಅದೇ ಟೈಮಿಗೆ ತೊಗರಿ ರಾಶಿ, ಹತ್ತಿ ಬಿಡ್ಸೂದು, ಕೊಪ್ಪಳದ ಗವಿಮಠದ ಜಾತ್ರಿ, ಹುಡುಗ್ರಿಗೆ ಪರೀಕ್ಷಿ ಎಲ್ಲಾ ಒಟ್ಟಿಗೇ ಬರ್ತಾವ. ಒಕ್ಕಲುತನದ ಮನಿಯವ್ರಾದ್ರ ಟಿಕೆಟ್ ತಗೊಳ್ಳೂ ಮೊದ್ಲು ಮನ್ಯಾಗ ಅಪ್ಪಗ ಒಂದು ಮಾತು ಹೇಳಿ ತಾರೀಖು ಖಾಲಿ ಮಾಡ್ಕೊಳ್ರಿ, ಕಡಿಗೆ ರಾಶಿ ಮಷಿನ್ ಅದೇ ದಿನಾನೇ ಬರ್ತದ.

ಈಗ ಊರು ಒಂದೊಂದಾಗಿ ನೋಡೋಣ.

ಮುಂಬೈ. ರಾಯಚೂರಿನವ್ರಿಗೆ ಇದು ಅಂದ್ಕೊಂಡಷ್ಟು ದೂರ ಅಲ್ಲ, ಅಂದ್ರ ಕಿಲೋಮೀಟರ್ ಜಾಸ್ತಿನೇ ಅದ ಆದ್ರ ನಾವು ಮುಂಬೈ-ಚೆನ್ನೈ ಮೇನ್ ಲೈನ್ ಮ್ಯಾಲ ಇದೀವಿ, ಗಾಡಿ ಬದ್ಲಿ ಮಾಡೂ ಕೆಲ್ಸಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಬೆಳಗಿನ ಜಾವ ರಾಯಚೂರಾಗ ಹತ್ತಿದ್ರ ಸಂಜಿ ಕತ್ತಲಾದ್ ಮ್ಯಾಲ ಮುಂಬೈ. ಡಿ.ವೈ. ಪಾಟೀಲ್ ಸ್ಟೇಡಿಯಂ ಇರೂದು ನವಿ ಮುಂಬೈನ ನೆರೂಲ್‌ನಾಗ, ಹಂಗಾಗಿ ಗಾಡಿಯ ಕೊನೀ ಸ್ಟೇಷನ್ ಸಿಎಸ್‌ಎಂಟಿ ತನಕ ಹೋಗಿ ಮತ್ತ ಹಾರ್ಬರ್ ಲೈನ್‌ನಾಗ ವಾಪಸ್ ಬರೂದು ದಂಡ. ಕಲ್ಯಾಣ್‌ನಾಗ ಇಳೀರಿ, ಲೋಕಲ್ ಹಿಡಿದು ಠಾಣೆ, ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಲೈನ್‌ನ ಪನ್ವೆಲ್ ಲೋಕಲ್ ಹತ್ತಿದ್ರ ಸೀದಾ ನೆರೂಲ್. ಇದನ್ನ ನಮಗ ಹೇಳ್ದೋರು ಡೊಂಬಿವಲಿಯಾಗ ಇರೂ ನಮ್ಮ ಸೋದರತ್ತಿ ಮಗ, ಅಂವನ ಮನ್ಯಾಗೇ ಇಳ್ಕೊಂಡ್ವಿ. ಮೊದ್ಲು ಸ್ಟೇಡಿಯಂ ಹತ್ರಾನೇ ಒಂದು ಲಾಡ್ಜ್ ಬುಕ್ ಮಾಡಿದ್ವಿ, ಎರಡು ವಾರ ಮೊದ್ಲು ಅವ್ರು ಫೋನ್ ಮಾಡಿ ರೇಟ್ ಬದಲಾಗ್ಯದ, ಮೂರು ಪಟ್ಟು ಕೊಟ್ರ ಇಟ್ಕೋತೀವಿ ಇಲ್ಲಂದ್ರ ಕ್ಯಾನ್ಸಲ್ ಅಂದ್ರು. ಮನಸಿಗೆ ಭಾಳ ಬ್ಯಾಸರಾತು, ಆ ಟೈಮ್‌ನಾಗ ಬ್ಯಾರೆ ಎಲ್ಲೂ ಖಾಲಿ ಇರ್ಲಿಲ್ಲ. ಅದಕ್ಕ ಹೇಳ್ತೀನಿ, ಮುಂಬೈನಾಗ ಶೋ ಅಂದ್ರ ಸ್ಟೇಡಿಯಂ ಹತ್ರ ರೂಮ್ ಹುಡುಕ್ಬ್ಯಾಡ್ರಿ, ಲೋಕಲ್ ಲೈನ್ ಮ್ಯಾಲ ನಾಕೈದು ಸ್ಟೇಷನ್ ದೂರ ಹುಡುಕ್ರಿ. ನಮ್ಮ ಕಡಿಯವ್ರು ಯಾರರ ಒಬ್ರು ಮುಂಬೈನಾಗ ಇದ್ದೇ ಇರ್ತಾರ, ಕೇಳಾಕ ನಾಚ್ಕೋಬ್ಯಾಡ್ರಿ.

ಶೋ ಮುಗಿದ್ ಮ್ಯಾಲ ನೆರೂಲ್ ಸ್ಟೇಷನ್ ತನಕ ನಡ್ಕೊಂಡೇ ಹೋಗ್ಬೇಕು, ರಸ್ತೆ ತುಂಬ ಜನ, ಆಟೊದವ್ರು ನಿಲ್ಸೂದೂ ಇಲ್ಲ. ಆದ್ರ ಜನ ಶಿಸ್ತಿಂದ ಹೊಂಟಿದ್ರು, ಗವಿಮಠದ ತೇರು ಎಳೆದ್ ಮ್ಯಾಲ ಜನ ದಾಸೋಹದ ಕಡಿ ಸಾಗ್ತಾರಲ್ಲ ಹಂಗ, ಯಾರೂ ನೂಕ್ಲಿಲ್ಲ, ಅರ್ಧ ಮಂದಿ ಹಾಡು ಗುನುಗ್ಕೋತಾನೇ ನಡೀತಿದ್ರು. ಮನಿ ಮುಟ್ಟೂದ್ರಾಗ ರಾತ್ರಿ ಒಂದು ಗಂಟೆ ದಾಟಿತ್ತು. ಬೆಳಿಗ್ಗೆ ಕಲ್ಯಾಣ್‌ನಾಗ ಅದೇ ಉದ್ಯಾನ್ ಹತ್ತಿ ರಾತ್ರಿ ಊರಿಗೆ ಬಂದ್ವಿ. ಒಟ್ಟು ಮೂರು ದಿನ ರಜಾ. ಅದನ್ನ ಬರ್ದಿಟ್ಕೊಳ್ರಿ, ಮುಂಬೈ ಅಂದ್ರ ಮೂರು ದಿನ.

ಅಹಮದಾಬಾದ್ ಬಗ್ಗೆ ಜಾಸ್ತಿ ಹೇಳೂದಿಲ್ಲ. ನರೇಂದ್ರ ಮೋದಿ ಸ್ಟೇಡಿಯಂನಾಗ 1,32,000 ಜನ ಕುಂದರ್ತಾರ, ಜನವರಿ 25, 26 ಎರಡು ಶೋ ಆದ್ವು, ಟಿಕೆಟ್ ಸಿಗೂ ಚಾನ್ಸ್ ಮುಂಬೈಗಿಂತ ಜಾಸ್ತಿ ಇತ್ತು. ಆದ್ರ ನಮ್ಮ ಊರುಗಳಿಂದ ಮುಂಬೈ ದಾಟಿ ಮತ್ತೊಂದು ರಾತ್ರಿ ಪ್ರಯಾಣ, ಮತ್ತ ಅಷ್ಟು ದೊಡ್ಡ ಸ್ಟೇಡಿಯಂನಾಗ ಮ್ಯಾಲಿನ ಸೀಟು ಅಂದ್ರ ಹಾಡೋನು ಅಕ್ಕಿಕಾಳಿನಷ್ಟು ಕಾಣ್ತಾನ. ಬ್ಯಾರೆ ಎಲ್ಲೂ ಟಿಕೆಟ್ ಸಿಗ್ಲಿಲ್ಲಂದ್ರ ಮಾತ್ರ.

ಹೈದರಾಬಾದ್. ರಾಯಚೂರು, ಮಾನ್ವಿ, ದೇವದುರ್ಗ, ಸಿಂಧನೂರಿನವ್ರಿಗೆ ಇದು ನನ್ನ ಮೊದಲ ಆಯ್ಕೆ, ಶೋ ಬಂದ್ರ. ಬಂದ್ರ ಅನ್ನೂ ಮಾತು ಯಾಕಂದ್ರ ಕೋಲ್ಡ್‌ಪ್ಲೇ ಥರದ ಸ್ಟೇಡಿಯಂ ಟೂರ್ ಭಾರತದಾಗ ಒಂದೋ ಎರಡೋ ಊರಿಗೆ ಮಾತ್ರ ಬರ್ತದ, ಆ ಸ್ಟೇಜು, ಲೈಟು, ಸ್ಕ್ರೀನು ಕಟ್ಟಾಕೇ ದಿನಗಟ್ಟಲೆ ಬೇಕು, ಊರೂರಿಗೆ ಒಯ್ಯಾಕ ಆಗೂದಿಲ್ಲ. ಅದೇ ಒಬ್ಬ ಹಾಡುಗಾರ, ಸಣ್ಣ ತಂಡ, ಕಮ್ಮಿ ಸಾಮಾನು ಇದ್ರ ಜಾಸ್ತಿ ಊರಿಗೆ ಬರ್ತಾರ. ಬ್ರಯಾನ್ ಆಡಮ್ಸ್ 2024ರ ಡಿಸೆಂಬರ್‌ನಾಗ ಶಿಲ್ಲಾಂಗ್, ಮುಂಬೈ, ಬೆಂಗಳೂರು, ಹೈದರಾಬಾದ್ ಎಲ್ಲಾ ತಿರುಗಿದ್ರು, ಎಡ್ ಶೀರನ್ 2025ರ ಜನವರಿ 30ಕ್ಕ ಪುಣೆಯಿಂದ ಶುರು ಮಾಡಿ ಫೆಬ್ರವರಿ 2ಕ್ಕ ಹೈದರಾಬಾದ್, ಆಮ್ಯಾಲ ಚೆನ್ನೈ, ಬೆಂಗಳೂರು, ಶಿಲ್ಲಾಂಗ್, ದೆಲ್ಲಿ ಕಡಿ ಹೋದ್ರು. ಹಂಗಾಗಿ ನಿಮ್ಮ ಬ್ಯಾಂಡ್ ಯಾವ ಸೈಜಿನ ಶೋ ತರ್ತದ ಅಂತ ನೋಡ್ರಿ, ಸ್ಟೇಡಿಯಂ ಶೋ ಆದ್ರ ಹೈದರಾಬಾದ್ ಕಾಯ್ಕೋತ ಕುಂದ್ರಬ್ಯಾಡ್ರಿ.

ಹೈದರಾಬಾದ್‌ನ ಲಾಭ ಏನಂದ್ರ ರಾತ್ರಿನೇ ವಾಪಸ್ ಬರ್ಬಹುದು. ನಾಕು ಮಂದಿ ಕೂಡಿ ಒಂದು ಕಾರು ಮಾಡ್ಕೊಂಡ್ರ ಶಕ್ತಿನಗರದ ಹತ್ರ ಕೃಷ್ಣಾ ದಾಟಿ ಮಕ್ತಲ್, ಮೆಹಬೂಬ್‌ನಗರ, ಜಡಚರ್ಲಾ ಹಾಯ್ದು ಶಂಷಾಬಾದ್ ಕಡಿಯಿಂದ ಊರು ಹೊಕ್ಕೀವಿ. ಒಂದೇ ತೊಂದ್ರಿ, ಎಡ್ ಶೀರನ್ ಶೋ ಆಗಿದ್ದು ರಾಮೋಜಿ ಫಿಲ್ಮ್ ಸಿಟಿಯಾಗ, ಅದು ವಿಜಯವಾಡ ಕಡಿ ರಸ್ತೆ ಮ್ಯಾಲ, ನಮ್ಮ ದಿಕ್ಕಿಗೆ ಪೂರ್ತಿ ಉಲ್ಟಾ. ಊರೊಳಗ ಹೋಗ್ಬ್ಯಾಡ್ರಿ, ಶಂಷಾಬಾದ್‌ನಾಗ ಔಟರ್ ರಿಂಗ್ ರೋಡ್ ಹತ್ತಿ ಪೆದ್ದ ಅಂಬರ್‌ಪೇಟ್ ಕಡಿ ಇಳೀರಿ. ವಾಪಸ್ ಬರೂ ಮುಂದ ಡ್ರೈವರ್ ನಿದ್ದಿ ಮಾಡಿರ್ಬೇಕು, ಅಂದ್ರ ಅಂವಗ ಟಿಕೆಟ್ ಇಲ್ದಂಗ ಹೊರಗ ಮಲಗೂ ಸಂಬಳದ ಡ್ರೈವರೇ ಬೇಕು. ಶೋ ನೋಡಿ ಕುಣಿದ ನೀವೇ ನಡುರಾತ್ರಿ ಗಾಡಿ ಹೊಡೀಬ್ಯಾಡ್ರಿ. ಇದರಾಗ ಹಣ ಉಳ್ಸೂ ವಿಚಾರನೇ ಮಾಡ್ಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ.

ಬೆಂಗಳೂರು. ಬಳ್ಳಾರಿ, ಕೊಪ್ಪಳ, ಗಂಗಾವತಿಯವ್ರಿಗೆ ಇದೇ ಸರಿ ಅಂತ ನಂಗ ಅನ್ನಸ್ತದ. ಹೋಗೂದು ಹಂಪಿ ಎಕ್ಸ್‌ಪ್ರೆಸ್, ಕೊಪ್ಪಳ, ಹೊಸಪೇಟಿ, ಬಳ್ಳಾರಿ ಎಲ್ಲಾ ಹಿಡ್ಕೊಂಡು ರಾತ್ರಿ ಹೊಂಟು ಬೆಳಿಗ್ಗೆ ಬೆಂಗಳೂರು. ವಾಪಸ್ಸಿಗೆ ಮಾತ್ರ ಅದನ್ನ ನಂಬಬ್ಯಾಡ್ರಿ, ಆ ಗಾಡಿ ಬೆಂಗಳೂರಿಂದ ಹೊಂಡೂದು ಸುಮಾರು ರಾತ್ರಿ 10ರ ಆಸುಪಾಸಿಗೆ, ಅದೇ ಟೈಮಿಗೆ ನಿಮ್ಮ ಬ್ಯಾಂಡು ಕೊನೀ ಹಾಡು ಹಾಡ್ತಿರ್ತದ. ನಮ್ಮ ಗಂಗಾವತಿ ದೋಸ್ತ ಇದನ್ನ ಮೊದ್ಲೇ ನೋಡ್ಕೊಂಡಿದ್ದ. ಎಡ್ ಶೀರನ್ ಶೋ ಮಾದಾವರದ ನೈಸ್ ಗ್ರೌಂಡ್ಸ್‌ನಾಗ ಇತ್ತು, ಅದು ತುಮಕೂರು ರಸ್ತೆ ಮ್ಯಾಲ. ನಮ್ಮ ಕಡಿ ಬರೂ ಬಸ್ಸು ಭಾಳಷ್ಟು ಆ ರಸ್ತೆ ಹಿಡಿದೇ ತುಮಕೂರು, ಶಿರಾ, ಹಿರಿಯೂರು, ಚಳ್ಳಕೆರೆ ಮ್ಯಾಲ ಬಳ್ಳಾರಿಗೆ ಬರ್ತಾವ. ಅಂವ ಮೆಜೆಸ್ಟಿಕ್ಕಿಗೆ ಹೋಗ್ಲೇ ಇಲ್ಲ, ಬಸ್ ಬುಕ್ ಮಾಡೂ ಮುಂದನೇ ನೆಲಮಂಗಲ ಕಡಿ ಹತ್ತೂ ಪಾಯಿಂಟ್ ಹಾಕ್ಸಿದ್ದ, ಶೋ ಮುಗಿಸಿ ಅಲ್ಲೇ ಹೋಗಿ ರಾತ್ರಿ ಲೇಟ್ ಸ್ಲೀಪರ್ ಹತ್ತಿ ಬೆಳಿಗ್ಗೆ ಗಂಗಾವತಿ. ಒಂದೂ ರಾತ್ರಿ ಲಾಡ್ಜ್ ಖರ್ಚಿಲ್ಲ. ಮತ್ತ 2024ರ ನವೆಂಬರ್‌ನಿಂದ ಹಸಿರು ಮೆಟ್ರೊ ಮಾದಾವರದ ತನಕ ಬಂದದ, ಬೆಳಿಗ್ಗೆ ರೈಲಿಂದ ಇಳಿದೋರು ಮೆಜೆಸ್ಟಿಕ್‌ನಾಗ ಮೆಟ್ರೊ ಹತ್ತಿದ್ರ ಟ್ರಾಫಿಕ್ಕಿನ ಚಿಂತಿನೇ ಇಲ್ಲ.

ಆದ್ರ ಬೆಂಗಳೂರಾಗ ಶೋ ಎಲ್ಲಿ ಅಂತ ನೋಡಿನೇ ತೀರ್ಮಾನ ಮಾಡ್ರಿ. ತುಮಕೂರು ರಸ್ತೆ ಕಡಿ ಇದ್ರ ನಮಗ ಬಂಗಾರ. ವೈಟ್‌ಫೀಲ್ಡ್ ಕಡಿನೋ ಏರ್‌ಪೋರ್ಟ್ ದಾಟಿನೋ ಇದ್ರ ಶೋ ಮುಗಿದು ಊರು ದಾಟೂದ್ರಾಗ ಬಸ್ ಹೋಗಿರ್ತದ, ಆವಾಗ ರೂಮ್ ಮಾಡೂದೇ ವಾಸಿ. ಬಳ್ಳಾರಿ ಕಡಿಯವ್ರು ತೋರಣಗಲ್ಲಿನ ಹತ್ರ ವಿದ್ಯಾನಗರ ಏರ್‌ಪೋರ್ಟ್ ಇದೆಯಲ್ಲ ಅಂತಾರ, ಅದ ಖರೆ, ಆದ್ರ ಅಲ್ಲಿಂದ ಹಾರೂ ವಿಮಾನ ಕಮ್ಮಿ, ಟೈಮ್ ಟೇಬಲ್ ಆಗಾಗ ಬದಲಾಗ್ತದ, ಶೋ ತಾರೀಖಿಗೆ ಸರಿಯಾಗಿ ಸಿಕ್ರ ತಗೊಳ್ರಿ, ಅದನ್ನೇ ನಂಬ್ಕೊಂಡು ಟಿಕೆಟ್ ಕೊಳ್ಬ್ಯಾಡ್ರಿ.

ಹೊರದೇಶ. ಇದನ್ನ ದೊಡ್ಡೋರ ಆಟ ಅಂತ ಬಿಡಬ್ಯಾಡ್ರಿ, ಒಂದ್ಸಲ ಲೆಕ್ಕ ಹಾಕಿ ನೋಡ್ರಿ. ಕೋಲ್ಡ್‌ಪ್ಲೇ ಮುಂಬೈಗೆ ಬರೂ ಮೊದ್ಲು ಅಬುಧಾಬಿಯ ಝಾಯೆದ್ ಸ್ಪೋರ್ಟ್ಸ್ ಸಿಟಿಯಾಗ ಜನವರಿ 9, 11, 12, 14 ನಾಕು ಶೋ ಮಾಡಿದ್ರು. ಮುಂಬೈ ಟಿಕೆಟ್ ಸಿಗಲಾರ್ದ ಎಷ್ಟೋ ಭಾರತೀಯರು ಅಲ್ಲಿಗೆ ಹೋದ್ರು. ಬ್ಲಾಕ್‌ನಾಗ ಮುಂಬೈ ಟಿಕೆಟ್ಟಿಗೆ ಲಕ್ಷಗಟ್ಟಲೆ ಕೇಳ್ತಿದ್ದ ಟೈಮ್‌ನಾಗ ಆ ರೊಕ್ಕದಾಗ ವಿಮಾನ, ವೀಸಾ, ರೂಮ್, ಅಸಲಿ ಟಿಕೆಟ್ ಎಲ್ಲಾ ಮುಗೀತಿತ್ತು. ರಾಯಚೂರಿನವ್ರಿಗೆ ಹೈದರಾಬಾದ್ ಏರ್‌ಪೋರ್ಟು ಶಂಷಾಬಾದ್‌ನಾಗ, ಅಂದ್ರ ನಮ್ಮ ಕಡಿನೇ ಇರೂದು ಇನ್ನೊಂದು ಅನುಕೂಲ. ಸಿಂಗಾಪುರದಾಗ 2024ರ ಜನವರಿಯಾಗ ಕೋಲ್ಡ್‌ಪ್ಲೇದ್ದೇ ಆರು ರಾತ್ರಿ ಶೋ ಆಗಿದ್ವು, ಅಷ್ಟು ಶೋ ಇದ್ದಲ್ಲಿ ಟಿಕೆಟ್ ಸಿಗೂದು ಸಲೀಸು. ಆದ್ರ ಪಾಸ್‌ಪೋರ್ಟ್ ಇಲ್ದೋರು, ಮೊದ್ಲ ಸಲ ಹೊರಗ ಹೋಗೋರು ಶೋ ಟಿಕೆಟ್ ಮೊದ್ಲು ಕೊಂಡು ಆಮ್ಯಾಲ ಪಾಸ್‌ಪೋರ್ಟಿಗೆ ಓಡಬ್ಯಾಡ್ರಿ. ಗಲ್ಫ್‌ನಾಗ ಅಣ್ಣನೋ ಭಾವನೋ ದುಡೀತಿದ್ರ ಅಬುಧಾಬಿ, ದುಬೈ ಶೋ ಖಂಡಿತ ನೋಡ್ರಿ, ಇಳ್ಕೊಳ್ಳೂ ಖರ್ಚು ಉಳೀತದ, ಅವ್ರನ್ನ ನೋಡ್ದಂಗೂ ಆಗ್ತದ.

ಫೆಸ್ಟಿವಲ್ಲಾ, ಬ್ಯಾಂಡಿನ ಸ್ವಂತ ಶೋನಾ ಅಂತ ಭಾಳ ಮಂದಿ ಕೇಳ್ತಾರ. ಮುಂಬೈನ ಮಹಾಲಕ್ಷ್ಮಿ ರೇಸ್ ಕೋರ್ಸ್‌ನಾಗ 2023ರಿಂದ ಲೊಲಾಪಲೂಝಾ ಅನ್ನೂ ಫೆಸ್ಟಿವಲ್ ನಡೀತದ, ಮೊದ್ಲ ವರ್ಷ ಇಮ್ಯಾಜಿನ್ ಡ್ರ್ಯಾಗನ್ಸ್ ಬಂದಿದ್ರು, 2025ರ ಮಾರ್ಚ್ 8, 9ಕ್ಕ ಗ್ರೀನ್ ಡೇ, ಶಾನ್ ಮೆಂಡಿಸ್ ಬಂದ್ರು. ಎರಡು ದಿನ, ಹತ್ತಾರು ಬ್ಯಾಂಡು, ಒಂದು ಟಿಕೆಟ್. ನೀವು ಸಂಗೀತ ಅಂದ್ರ ಎಲ್ಲಾ ಕೇಳೋರು, ಹೊಸಾ ಹೊಸಾ ಬ್ಯಾಂಡ್ ಹುಡುಕೋರು ಆದ್ರ ಅದ್ರಷ್ಟು ಲಾಭ ಬ್ಯಾರೆ ಇಲ್ಲ. ಆದ್ರ ಒಂದೇ ಬ್ಯಾಂಡಿಗೆ ಪ್ರಾಣ ಬಿಡೋರು ಫೆಸ್ಟಿವಲ್‌ನಾಗ ನೋಡಿ ನಿರಾಶಿ ಆಗ್ತಾರ, ಅಲ್ಲಿ ಟೈಮ್ ಕಮ್ಮಿ, ಹಿಟ್ ಹಾಡಷ್ಟೇ ಹಾಡಿ ಇಳೀತಾರ, ಅವರ ಸ್ವಂತ ಸ್ಟೇಜು, ಲೈಟು ಪೂರ್ತಿ ಬರೂದಿಲ್ಲ. ಸ್ವಂತ ಶೋದಾಗ ಎರಡು ತಾಸು ಅವ್ರದೇ ಲೋಕ. ಅಕ್ಕನ ಮಗಳದೂ ಇದೇ ಮಾತು, "ಮಾಮಾ, ಹತ್ತು ಬ್ಯಾಂಡ್ ಬ್ಯಾಡ, ನಂಗ ಒಂದು ಸಾಕು".

ಸೀಟು ಮತ್ತ ನಿಲ್ಲೂದು, ಇದ್ರ ಬಗ್ಗೆ ನಿಂತು ಹೇಳ್ಬೇಕು. ಮುಂಬೈನಾಗ ಗ್ಯಾಲರಿ ಸ್ಟ್ಯಾಂಡ್‌ನಾಗ ಕುಂದ್ರೂ ಸೀಟು 2,500ರಿಂದ 12,500 ತನಕ, ಗ್ರೌಂಡ್‌ನಾಗ ನಿಲ್ಲೂದು 6,450, ಲೌಂಜು 35,000 ಇತ್ತು. ನಾವು ತಗೊಂಡಿದ್ದು 4,500ದ ಸೀಟು. ಮನಸಿನಾಗ ಅನ್ಕೊಂಡಿದ್ದು ಗ್ರೌಂಡ್‌ನಾಗ ಇದ್ದೋರೇ ಪುಣ್ಯವಂತರು ಅಂತ. ಶೋ ಶುರುವಾಗಿ ಕೈಗೆ ಕೊಟ್ಟ ರಿಸ್ಟ್‌ಬ್ಯಾಂಡಿನ ಲೈಟ್ ಹತ್ತಿಕೊಂಡಾಗ ಆ ವಿಚಾರ ಬದಲಾತು. ಒಳಗ ಹೋಗೂ ಮುಂದ ಪ್ರತಿಯೊಬ್ರಿಗೂ ಒಂದು ಬಿಳೀ ರಿಸ್ಟ್‌ಬ್ಯಾಂಡ್ ಕೊಡ್ತಾರ, ಒಳಗ ಎಲ್‌ಇಡಿ ಇರ್ತದ, ಕಂಟ್ರೋಲ್ ಎಲ್ಲಾ ಶೋ ನಡಸೋರ ಕೈಯಾಗ. ಯೆಲ್ಲೋ ಹಾಡು ಶುರುವಾದ ಕೂಡ್ಲೇ ಇಡೀ ಸ್ಟೇಡಿಯಂ ಒಮ್ಮಿಗೇ ಹಳದಿ. ನಮ್ಮ ಮುಂದಿನ ಸಾಲಿನಾಗ ಅರವತ್ತು ವಯಸ್ಸಿನ ಒಬ್ಬ ಅಜ್ಜ ಇದ್ದ, ಮೊಮ್ಮಗನ ಜೊತಿ ಬಂದಿದ್ದ ಅನ್ನಸ್ತದ, ಅಂವ ತನ್ನ ಕೈ ಮ್ಯಾಲ ಎತ್ತಿ ಕೈಗೂ ನೋಡ್ತಾನ, ಕೆಳಗ ಗ್ರೌಂಡಿಗೂ ನೋಡ್ತಾನ, ಮತ್ತ ಕೈಗೆ ನೋಡ್ತಾನ. ಮುಂಗಾರು ಮುಗಿದ್ ಮ್ಯಾಲ ನಮ್ಮ ಕಡಿ ಸೂರ್ಯಕಾಂತಿ ಹೊಲ ದಿನ್ನಿ ಮ್ಯಾಲ ನಿಂತು ನೋಡ್ದಂಗ ಕಾಣ್ತಿತ್ತು ಕೆಳಗ. ಗ್ರೌಂಡ್‌ನಾಗ ನಿಂತೋರು ಆ ಹೊಲದಾಗಿನ ಒಂದು ಹೂವು, ಅವ್ರಿಗೆ ಹೊಲ ಕಾಣೂದಿಲ್ಲ. ಹಂಗಾಗಿ ಲೈಟಿನ ಆಟ ಜಾಸ್ತಿ ಇರೂ ಬ್ಯಾಂಡಿಗೆ ಸ್ಟ್ಯಾಂಡ್‌ನಾಗಿನ ಸೀಟೇ ಚಲೋ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಗಿಟಾರು, ಡ್ರಮ್ಮು, ಬೆವರು, ಕುಣಿತ ಬೇಕು ಅನ್ನೋರಿಗೆ ಗ್ರೌಂಡು. ನಿಲ್ಲೂದಂದ್ರ ಮಧ್ಯಾಹ್ನದಿಂದ ಕ್ಯೂ, ಒಳಗ ಹೋದ್ ಮ್ಯಾಲ ನಾಕೈದು ತಾಸು ಕಾಲ ಮ್ಯಾಲೇ, ಬಾತ್‌ರೂಮಿಗೆ ಹೋದ್ರ ಜಾಗ ಹೋತು. ಮೊಣಕಾಲು ನೋವಿರೋರು, ಎತ್ತರ ಕಮ್ಮಿ ಇರೋರು, ಹತ್ತು ವರ್ಷದ ಒಳಗಿನ ಮಕ್ಕಳನ್ನ ಕರ್ಕೊಂಡು ಹೋಗೋರು ನಿಲ್ಲೂ ಟಿಕೆಟ್ ತಗೋಬ್ಯಾಡ್ರಿ.

ಸೌಂಡ್ ಬಗ್ಗೆ ಒಂದು ಸಣ್ಣ ಲೆಕ್ಕ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗ್ತದ. ಸ್ಟೇಜಿಂದ ನೂರು ಮೀಟರ್ ದೂರ ಕುಂತ್ರ ಶಬ್ದ ಕಾಲು ಸೆಕೆಂಡಿಗಿಂತ ಜಾಸ್ತಿ ತಡ ಆಗಿ ಬರ್ತದ, ಸ್ಕ್ರೀನ್ ಮ್ಯಾಲ ತುಟಿ ಮೊದ್ಲು ಅಲ್ಲಾಡ್ತದ ಆಮ್ಯಾಲ ಮಾತು ಕೇಳಸ್ತದ. ಇದು ನಿಮ್ಮ ಸೀಟಿನ ತಪ್ಪಲ್ಲ, ದೊಡ್ಡ ಗ್ರೌಂಡಿನ ಗುಣ. ಹಿಂದಿನೋರಿಗೂ ಚೊಕ್ಕ ಕೇಳ್ಸಾಕ ನಡುವ ಕಂಬದ ಮ್ಯಾಲ ಬ್ಯಾರೆ ಸ್ಪೀಕರ್ ಇಡ್ತಾರ. ಸೌಂಡ್ ಮಿಕ್ಸ್ ಮಾಡೂ ಟೆಂಟ್ ಗ್ರೌಂಡ್ ನಡುವ ಇರ್ತದ, ಸಂಗೀತ ಚೊಕ್ಕಾಗಿ ಕೇಳ್ಬೇಕು ಅನ್ನೋರು ಅದ್ರ ಹಿಂದಿನ ಕಡಿ ನಿಲ್ರಿ ಇಲ್ಲಾ ಅದಕ್ಕ ಎದುರಾಗಿ ಇರೂ ಸೀಟ್ ಹುಡುಕ್ರಿ. ಸ್ಟೇಜಿನ ಪಕ್ಕದ ಸೀಟು ಕಮ್ಮಿ ರೇಟಿಗೆ ಸಿಗ್ತಾವ, ಆದ್ರ ಸ್ಕ್ರೀನು ಅರ್ಧ ಕಾಣೂದಿಲ್ಲ, ಸೌಂಡು ಓರೆ ಬರ್ತದ. ನಾನಾದ್ರ ಸ್ಟೇಜ್ ಎದುರಿನ ಮ್ಯಾಲಿನ ಸಾಲು ತಗೋತೀನಿ, ಪಕ್ಕದ ಕೆಳಗಿನ ಸಾಲು ತಗೊಳ್ಳೂದಿಲ್ಲ.

ಹೊಸ ಆಲ್ಬಂ ವಿಷಯ ಭಾಳ ಮಂದಿ ಮರೀತಾರ. ಟೂರ್ ಅಂದ್ರ ಆಲ್ಬಂ ಹಾಡು ಕೇಳ್ಸಾಕೇ ಬರ್ತಾರ, ನಿಮಗ ಗೊತ್ತಿರೂ ಹಳೇ ಐದು ಹಾಡು ಅಷ್ಟೇ ಹಾಡೂದಿಲ್ಲ. ಕೋಲ್ಡ್‌ಪ್ಲೇ ಟೂರ್ 2021ರ ಅಕ್ಟೋಬರ್‌ನಾಗ ಬಂದ ಮ್ಯೂಸಿಕ್ ಆಫ್ ದಿ ಸ್ಫಿಯರ್ಸ್ ಆಲ್ಬಂಗೆ ಅಂತ 2022ರ ಮಾರ್ಚ್ 18ಕ್ಕ ಕೋಸ್ಟರಿಕಾದ ಸಾನ್ ಹೋಸೆಯಾಗ ಶುರುವಾತು. ನಮ್ಮ ದೇಶಕ್ಕ ಬರೂದ್ರಾಗ ಸುಮಾರು ಮೂರು ವರ್ಷ ಆಗಿತ್ತು, ನಡುವ 2024ರ ಅಕ್ಟೋಬರ್ 4ಕ್ಕ ಮೂನ್ ಮ್ಯೂಸಿಕ್ ಅನ್ನೂ ಇನ್ನೊಂದು ಆಲ್ಬಂ ಬಂತು, ಅದ್ರ ಹಾಡೂ ಶೋದಾಗ ಸೇರಿದ್ವು. ಟೂರಿನ ಶುರುವಿನ ಶೋ ನೋಡಿದ್ರ ಹೊಸ ಹಾಡಿನ ಬಿಸಿ ಜಾಸ್ತಿ, ಕೊನೀ ಕಡಿ ನೋಡಿದ್ರ ಶೋ ಪಳಗಿರ್ತದ, ಒಂದು ಲೈಟೂ ತಪ್ಪೂದಿಲ್ಲ. ಭಾರತಕ್ಕ ದೊಡ್ಡ ಟೂರ್ ತಡ ಆಗಿ ಬರೂದನ್ನ ಕಂಡು ಬ್ಯಾಸರ ಮಾಡ್ಕೋಬ್ಯಾಡ್ರಿ, ಪಳಗಿದ ಶೋ ನೋಡಾಕ ಸಿಗ್ತದ. ಹೋಗೂ ಎರಡು ವಾರ ಮೊದ್ಲು ಹೊಸ ಆಲ್ಬಂ ದಿನಾ ಕೇಳ್ರಿ. ಅಕ್ಕನ ಮಗಳು ರೈಲಿನಾಗ ಪೂರ್ತಿ ಹಾಕಿ ಕೇಳ್ಸಿದ್ಲು, ಸೊಲ್ಲಾಪುರ ದಾಟೂದ್ರಾಗ ನಂಗೂ ಬಾಯಿಪಾಠ ಆಗಿತ್ತು, ಶೋದಾಗ ಪಕ್ಕದೋರು ಸುಮ್ನ ಕುಂತಾಗ ನಾವಿಬ್ರೂ ಹಾಡ್ತಿದ್ವಿ.

ಮನಿ ಟಿವಿ. ಇದನ್ನ ಕೀಳು ಅಂತ ತಿಳೀಬ್ಯಾಡ್ರಿ. ಜನವರಿ 26ರ ಅಹಮದಾಬಾದ್ ಶೋ ಹಾಟ್‌ಸ್ಟಾರ್‌ನಾಗ ಲೈವ್ ಬಂತು, ನಮ್ಮ ತಮ್ಮ ಮನ್ಯಾಗ ಟಿವಿಗೆ ಹಚ್ಚಿ ಓಣಿ ಹುಡುಗ್ರನ್ನ ಕರ್ದು, ಮಂಡಕ್ಕಿ ಒಗ್ಗರಣಿ ಮಿರ್ಚಿ ಮಾಡ್ಸಿ ನೋಡ್ದ. ನಮಗ ಮುಂಬೈನಾಗ ಕಾಣಲಾರದ ಡ್ರಮ್ಮರ್ ಕೈ, ಗಿಟಾರ್ ಮ್ಯಾಲ ಬೆರಳು ಎಲ್ಲಾ ಅಂವಗ ಕಂಡ್ವು. ಅಮ್ಮನೂ ಕುಂತು ನೋಡಿದ್ಲು, ಗಣರಾಜ್ಯೋತ್ಸವದ ದಿನ ಅಂತ ಕೋಲ್ಡ್‌ಪ್ಲೇದ ಹಾಡುಗಾರ ಕ್ರಿಸ್ ಮಾರ್ಟಿನ್ ವಂದೇ ಮಾತರಂ ಹಾಡಿದಾಗ "ಇಂವಗ ನಮ್ಮದೂ ಬರ್ತದಲ್ಲ" ಅಂದ್ಲಂತ. ಮನ್ಯಾಗ ಹಿರಿಯೋರು ಹುಷಾರಿಲ್ದಿದ್ರ, ಪರೀಕ್ಷಿ ಇದ್ರ, ಕೈಯಾಗ ರೊಕ್ಕ ಇಲ್ದಿದ್ರ ಸಾಲ ಮಾಡಿ ಹೋಗ್ಬ್ಯಾಡ್ರಿ, ಒಂದು ಚಲೋ ಸ್ಪೀಕರ್ ಯಾರದರ ಕಡಿಂದ ತಂದು ಹಚ್ಚಿ ನಾಕು ಮಂದಿ ಕೂಡಿ ನೋಡ್ರಿ. ಅಲ್ಲಿ ಸಿಗಲಾರದ್ದು ಒಂದೇ, ಎದಿಗೆ ಬಡಿಯೂ ಬೇಸ್ ಮತ್ತ ಐವತ್ತು ಸಾವಿರ ಮಂದಿ ಒಂದೇ ಸಾಲು ಹಾಡೂ ಆ ದನಿ. ಅದು ಬೇಕಂದ್ರ ಹೋಗ್ಲೇಬೇಕು.

ಟಿಕೆಟ್ ಕೊಳ್ಳೂದು. 2024ರ ಸೆಪ್ಟೆಂಬರ್ 22ಕ್ಕ ಮಧ್ಯಾಹ್ನ 12ಕ್ಕ ಕೋಲ್ಡ್‌ಪ್ಲೇ ಮುಂಬೈ ಶೋದ ಬುಕಿಂಗ್ ತೆರೀತು, ಸೈಟು ಕುಸೀತು, ನನ್ನ ಕ್ಯೂ ನಂಬರ್ ಲಕ್ಷಗಳಾಗ ಇತ್ತು. ಜನವರಿ 18, 19ರ ಎರಡೂ ಶೋದ ಟಿಕೆಟ್ ಖಾಲಿ. ಎದ್ದು ಹೋಗೂವಷ್ಟ್ರಾಗ 21ಕ್ಕ ಮೂರನೇ ಶೋ ಸೇರಿಸಿದ್ರು, ಮಂಗಳವಾರ, ಅಕ್ಕನ ಮಗಳು ಬಳ್ಳಾರಿ ಹಾಸ್ಟೆಲ್‌ನಿಂದ ಕ್ಯೂ ಬಿಡ್ದಂಗ ಕುಂತಿದ್ಲು, ಅಕಿಗೆ ಸಿಕ್ತು. ಹಂಗಾಗಿ ಮೊದ್ಲ ಶೋ ಸೋಲ್ಡ್ ಔಟ್ ಅಂದ ಕೂಡ್ಲೇ ಲ್ಯಾಪ್‌ಟಾಪ್ ಮುಚ್ಚಬ್ಯಾಡ್ರಿ, ಮತ್ತ ವಾರದ ನಡುವಿನ ಶೋ ಸಿಕ್ರ ಬಿಡಬ್ಯಾಡ್ರಿ, ಶನಿವಾರ ಭಾನುವಾರಕ್ಕ ಎಲ್ರೂ ಮುಗಿ ಬೀಳ್ತಾರ. ಕೋಲ್ಡ್‌ಪ್ಲೇದವ್ರು ಕಮ್ಮಿ ರೇಟಿಗೆ ಇನ್ಫಿನಿಟಿ ಟಿಕೆಟ್ ಅಂತ ಬ್ಯಾರೆ ಇಡ್ತಾರ, ಭಾರತದಾಗ ಆವಾಗ 2,000 ರೂಪಾಯಿ ಇತ್ತು, ಜೋಡಿ ಜೋಡಿನೇ ಕೊಳ್ಳಬೇಕು, ಸೀಟ್ ಎಲ್ಲಿ ಅಂತ ಟಿಕೆಟ್ ಕೈಗೆ ಬಂದಾಗಲೇ ಗೊತ್ತಾಗ್ತದ. ಮುಂಬೈಗೆ ಅದು ನವೆಂಬರ್ 22ಕ್ಕ ಬಂತು, ಆವಾಗ ಎಷ್ಟೋ ಮಂದಿ ಆಸಿ ಬಿಟ್ಟು ಕುಂತಿದ್ರು. ಬ್ಯಾರೆ ಬ್ಯಾಂಡಿನವ್ರೂ ಶೋ ಹತ್ರ ಬಂದಂಗ ಉಳ್ದ ಟಿಕೆಟ್ ಬಿಡ್ತಾರ, ಬ್ಯಾಂಡಿನ ಪೇಜ್ ಫಾಲೋ ಮಾಡ್ಕೊಂಡಿರ್ರಿ. ಯಾರೋ ವಾಟ್ಸಾಪ್‌ನಾಗ ಪಿಡಿಎಫ್ ಕಳಿಸಿ ಅರ್ಧ ರೊಕ್ಕ ಮೊದ್ಲು ಹಾಕ್ರಿ ಅಂದ್ರ ಹಾಕ್ಬ್ಯಾಡ್ರಿ, ಗೇಟಿನಾಗ ಒಂದು ಕೋಡಿಗೆ ಒಬ್ರೇ ಒಳಗ, ಎರಡನೇದೋರು ಎಷ್ಟೇ ಅತ್ರೂ ಬಿಡೂದಿಲ್ಲ.

ಕೊನೀಗೆ ರೈಲು. ನಾವು ಹೋಗೂ ಮುಂದ 120 ದಿನ ಮೊದ್ಲು ರೈಲು ರಿಸರ್ವೇಷನ್ ಸಿಗ್ತಿತ್ತು, ಶೋ ಟಿಕೆಟ್ಟು ರೈಲು ಟಿಕೆಟ್ಟು ಒಂದೇ ವಾರದಾಗ ಮುಗ್ಸಿದ್ವಿ. 2024ರ ನವೆಂಬರ್ 1ರಿಂದ ಅದನ್ನ 60 ದಿನಕ್ಕ ಇಳಿಸ್ಯಾರ. ಅಂದ್ರ ಶೋ ನಾಕು ತಿಂಗಳು ಮೊದ್ಲು ಅನೌನ್ಸ್ ಆದ್ರೂ ರೈಲು ಟಿಕೆಟ್ಟಿಗೆ ಎರಡು ತಿಂಗಳು ಕಾಯ್ಬೇಕು, ಆ ಎರಡು ತಿಂಗಳಾಗ ಎಲ್ರೂ ಮರ್ತುಬಿಡ್ತಾರ. ಶೋ ಟಿಕೆಟ್ ಸಿಕ್ಕ ದಿನಾನೇ ಅಡಗಿಮನಿ ಕ್ಯಾಲೆಂಡರ್‌ನಾಗ ಎರಡು ತಾರೀಖು ಗುರ್ತು ಹಾಕ್ರಿ, ಹೋಗೂದಕ್ಕ ಒಂದು, ಬರೂದಕ್ಕ ಒಂದು. ಬೆಳಿಗ್ಗೆ 8ಕ್ಕ ತೆರೀತದ, ಎರಡೂ ದಿನ 7.50ಕ್ಕೇ ಲಾಗಿನ್ ಆಗಿ ಕುಂದ್ರಿ.